ಡಿಪೋದ ಸೀಟು

ಮೊದಲು ಉರಿ ಎಂದು ಬಾಯಿಬಿಟ್ಟವಳು ನನ್ನ ನಾದಿನಿ. ಅಪವಾದ ಬಂದದ್ದು ನನ್ನ ತಲೆಗೆ.

ನಾನು ಬಸ್ ಓಡಿಸುತ್ತೇನೆ. ಊರೊಳಗಿನ ಬಸ್ಸು. ಮಾರುಕಟ್ಟೆಯಿಂದ ಹೊರಟು ದೊಡ್ಡಾಸ್ಪತ್ರೆ, ಕೋರ್ಟು, ಕಾರ್ಖಾನೆಗಳ ಸಾಲು ದಾಟಿ ಡಿಪೋ ಸೇರುತ್ತದೆ. ಆಗ ಇನ್ನೂ ಕೆಲಸ ಕಾಯಂ ಆಗಿರಲಿಲ್ಲ. ನಮ್ಮ ಡಿಪೋದಲ್ಲಿ ಹೆಂಗಸು ಡ್ರೈವರುಗಳು ಇಬ್ಬರೇ. ಒಂದು ವರ್ಷ ನೋಡಿ ಆಮೇಲೆ ತೀರ್ಮಾನ ಎಂದಿದ್ದರು, ಆ ವರ್ಷ ಮುಗಿಯಲು ಕೆಲವೇ ವಾರ ಬಾಕಿ ಇತ್ತು. ರಜೆ ಹಾಕಬಾರದು, ಗಾಡಿಯನ್ನು ಎಲ್ಲೂ ತಾಗಿಸಬಾರದು, ಕಾಯಂ ಆದ ಮೇಲೆ ಬೆಳಗಿನ ಜಾವದ ಡ್ಯೂಟಿಗೆ ಒಪ್ಪಿಕೊಳ್ಳಬೇಕು. ಮೊದಲಿನ ಎರಡು ನನ್ನ ಕೈಯಲ್ಲಿದ್ದವು. ಮೂರನೆಯದು ಅತ್ತೆಯ ಕೈಯಲ್ಲಿತ್ತು, ಯಾಕೆಂದರೆ ಬೆಳಗಿನ ಅಡುಗೆ ನನ್ನದು. ನಾನು ಕತ್ತಲಲ್ಲೇ ಮನೆ ಬಿಟ್ಟರೆ ಎಲ್ಲರ ಡಬ್ಬಿ ತುಂಬುವವರು ಅವರೊಬ್ಬರೇ.

ನಮ್ಮದು ಬೀದಿಯವರ ಬಾಯಲ್ಲಿ ಹಸಿರು ನೀರಿನ ಮನೆ. ನನ್ನ ಮಾವ ನೆಲ ಒರೆಸುವ ದ್ರಾವಣ ತಯಾರಿಸುತ್ತಾರೆ. ಹಿತ್ತಲ ಕೋಣೆಯ ನೀಲಿ ಡ್ರಮ್ಮಿನಲ್ಲಿ ಕಲಸಿ, ಬಾಟಲಿಗೆ ತುಂಬಿ, ಸ್ಕೂಟರಿನಲ್ಲಿ ಅಂಗಡಿ ಅಂಗಡಿಗೆ ಹಾಕಿ ಬರುತ್ತಾರೆ. ನಿಂಬೆಯ ವಾಸನೆ, ಎಳೆ ಹಸಿರು ಬಣ್ಣ. ಅತ್ತೆಗೆ ಆ ಬಾಟಲಿಯ ಮೇಲಿರುವಷ್ಟು ನಂಬಿಕೆ ಅದನ್ನು ತಯಾರಿಸುವವರ ಮೇಲೂ ಇಲ್ಲ. ನೆಲಕ್ಕೆ ಅದೇ, ಸಿಂಕಿಗೆ ಅದೇ, ಚಪ್ಪಲಿಯ ಅಡಿಗೂ ಅದೇ.

ಆ ವರ್ಷ ಮಾವನ ಮಂಡಿ ಕೈಕೊಟ್ಟಿತು. ಕುಕ್ಕರಗಾಲಲ್ಲಿ ಕೂತರೆ ಏಳಲು ಆಗುತ್ತಿರಲಿಲ್ಲ. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು, ಎಂಥ ಕೆಟ್ಟ ಯಂತ್ರವನ್ನಾದರೂ ಸರಿ ಮಾಡುತ್ತಾರೆ. ಅಪ್ಪನ ಮಂಡಿ ಸರಿ ಮಾಡಲು ಬಾರದೆ ಹಳೆಯ ಕಕ್ಕಸು ಕೀಳಿಸಿ ಕಮೋಡು ಹಾಕಿಸಿದರು. ಮನೆಯಲ್ಲಿ ಇರುವುದು ಅದೊಂದೇ. ಅತ್ತೆ ಬಾಗಿಲಲ್ಲೇ ನಿಂತು ಅದರ ಬಿಳಿ ಸೀಟನ್ನು ನೋಡಿ ಮೂಗು ಮುರಿದರು.

"ಎಲ್ಲರ ತೊಡೆ ತಾಗೋ ಜಾಗ. ಒಬ್ಬರದು ಇನ್ನೊಬ್ಬರಿಗೆ ಅಂಟದೆ ಇರುತ್ತಾ?"

"ನಾವು ನಾವೇ ಅಲ್ವೇನಮ್ಮ," ಅಂದರು ನನ್ನ ಗಂಡ.

"ನಾವು ನಾವೇ, ಸರಿ. ನಿನ್ನ ಹೆಂಡತಿ ಡಿಪೋದಲ್ಲಿ ಯಾರ್ಯಾರೋ ಕೂತ ಸೀಟಲ್ಲಿ ಕೂತು ಬರ್ತಾಳಲ್ಲ, ಅದಕ್ಕೇನು ಹೇಳ್ತೀಯ?"

ಅಮ್ಮನ ಮುಂದೆ ನನ್ನ ಗಂಡನಿಗೆ ಬಾಯಿ ಬರುವುದು ಕಡಿಮೆ. ನಾನೇ ಹೇಳಿದೆ. "ಅತ್ತೆ, ಡಿಪೋ ಸೀಟಲ್ಲಿ ಕೂರೋರೂ ಮನುಷ್ಯರೇ."

"ಮನುಷ್ಯರು ಅಂತಾನೇ ಭಯ," ಅಂದರು.

ಮರುದಿನ ಅವರು ಒಂದು ಹೊಸ ನಿಯಮ ಮಾಡಿದರು. ಟಾಯ್ಲೆಟ್ಟಿನ ಬಕೆಟ್ಟಿನಲ್ಲಿ ತುಂಬಿಟ್ಟ ನೀರಿಗೆ ಹಸಿರು ದ್ರಾವಣ ಒಂದು ಮುಚ್ಚಳ ಹಾಕಬೇಕು, ತೊಳೆದುಕೊಳ್ಳುವುದು ಅದೇ ನೀರಿನಲ್ಲಿ. ನನಗೂ ನಾದಿನಿಗೂ ಅಡುಗೆಮನೆಯಲ್ಲಿ ನಿಲ್ಲಿಸಿ ಹೇಳಿದರು. ಗಂಡಸರಿಗೆ ಹೇಳಲಿಲ್ಲ. ಇಂಥದ್ದನ್ನೆಲ್ಲ ಗಂಡಸರ ಹತ್ತಿರ ಆಡಬಾರದಂತೆ. ಬಕೆಟ್ಟು ಮೊದಲೇ ಹಸಿರು, ಆ ಕೋಣೆಯ ತುಂಬ ಮೊದಲೇ ಅದೇ ವಾಸನೆ. ಅವರಿಗೆ ಹೇಗೆ ತಾನೆ ತಿಳಿಯಬೇಕು? ನನಗೂ ಅದು ಅಂಥ ತಪ್ಪಾಗಿ ಕಾಣಲಿಲ್ಲ. ಒಂದು ಮುಚ್ಚಳ ತಾನೆ, ಅತ್ತೆಗೆ ನೆಮ್ಮದಿ ಆಗುವುದಾದರೆ ಆಗಲಿ ಎಂದುಕೊಂಡೆ.

ಒಂದು ವಾರ ಕಳೆದಿರಬೇಕು. ನಾದಿನಿ ಕನ್ನಡಕದ ಅಂಗಡಿಯಿಂದ ಬಂದವಳು ಬಟ್ಟೆ ಮಡಚುತ್ತಿದ್ದ ನನ್ನ ಪಕ್ಕ ಬಂದು ನಿಂತಳು. ಕೂರು ಎಂದರೆ ಕೂರಲಿಲ್ಲ.

"ಅತ್ತಿಗೆ, ನಿಂಗೇನಾದ್ರೂ ಕೆಳಗೆ ಉರಿ ಇದೆಯಾ?"

"ಎಲ್ಲಿ, ಕಾಲಲ್ಲಾ?"

"ಕಾಲಲ್ಲ. ಅಲ್ಲಿ."

"ಅಲ್ಲಿ ಅಂದ್ರೆ ಎಲ್ಲಿ ಕಣೇ, ಸರಿಯಾಗಿ ಹೇಳು."

ಅವಳು ಕಣ್ಣಲ್ಲೇ ಹೇಳಿದಳು. ಇಡೀ ದಿನ ಜನರ ಮುಖದ ಮುಂದೆ ಕನ್ನಡಿ ಹಿಡಿದು ನಿಲ್ಲುವ ಕೆಲಸ, ಕೆರೆದುಕೊಳ್ಳುವ ಹಾಗಿಲ್ಲ, ಕಾಲು ಅಲ್ಲಾಡಿಸುವ ಹಾಗಿಲ್ಲ. ಪಾಪ, ಮುಖ ಸಣ್ಣದಾಗಿತ್ತು. ನನಗೂ ಸ್ವಲ್ಪ ಇತ್ತು, ಬಸ್ಸಿನ ಸೀಟಿನ ಬಿಸಿ ಎಂದುಕೊಂಡಿದ್ದೆ.

ಈ ಮಾತು ಅತ್ತೆಯ ಕಿವಿಗೆ ಬಿತ್ತು. ಅವರ ಕಿವಿ ಗೋಡೆಯಾಚೆಯದನ್ನೂ ಬಿಡುವುದಿಲ್ಲ.

"ನಾನು ಹೇಳ್ಲಿಲ್ವಾ? ಬಂತಲ್ಲ, ಡಿಪೋದಿಂದ ಮನೆಗೆ."

"ಅತ್ತೆ, ನಾನು ಹೋದ ವರ್ಷದಿಂದ ಡಿಪೋಗೆ ಹೋಗ್ತಿದೀನಿ."

"ಹೋದ ವರ್ಷ ನಮ್ಮನೇಲಿ ಸೀಟು ಇರ್ಲಿಲ್ಲ."

ಲೆಕ್ಕ ಸರಿಯಾಗಿಯೇ ಇತ್ತು. ಸೀಟು ಬಂತು, ಉರಿ ಬಂತು, ಡಿಪೋದ ಸೀಟಲ್ಲಿ ಕೂತು ಬರುವವಳು ನಾನು. ಅವರ ಬಾಯಿಂದ ಕೇಳುತ್ತಿದ್ದರೆ ನನಗೇ ನನ್ನ ಮೇಲೆ ಅನುಮಾನ ಬರುವ ಹಾಗಿತ್ತು. ನಾದಿನಿ ಅವರ ಪರವೂ ಆಗಲಿಲ್ಲ, ನನ್ನ ಪರವೂ ಆಗಲಿಲ್ಲ. ಗೋಡೆಗೆ ಒರಗಿ ನಿಂತು ಬಟ್ಟೆಯ ಅಂಚು ಹಿಂಡುತ್ತಿದ್ದಳು.

ಅಂದಿನಿಂದ ಮುಚ್ಚಳ ಒಂದಿದ್ದದ್ದು ಎರಡಾಯಿತು. ನನ್ನ ಸರದಿ ಕೊನೆಗೆ ಹೋಯಿತು. ನಾನು ಎದ್ದು ಬಂದ ಕೂಡಲೇ ಅತ್ತೆ ಬ್ರಷ್ ಹಿಡಿದು ಒಳಗೆ ನುಗ್ಗಿ ಸೀಟು ಉಜ್ಜುತ್ತಿದ್ದರು. ಆ ಸದ್ದು ಅಡುಗೆಮನೆವರೆಗೆ ಕೇಳಿಸುತ್ತಿತ್ತು. ಚಹಾ ಕುಡಿಯುತ್ತಾ ಅದನ್ನು ಕೇಳುವುದಿದೆಯಲ್ಲ, ಮೈಯೆಲ್ಲ ಉರಿದುಹೋಗುತ್ತಿತ್ತು. ನಾನೇನು ನೆಲದ ಮೇಲಿನ ಕಲೆಯೇ?

ನನ್ನ ಗಂಡನಿಗೆ ಹೇಳಿದೆ. "ನಿಮ್ಮಮ್ಮನಿಗೆ ನೀವು ಒಂದು ಮಾತು ಹೇಳಿ."

"ಏನು ಅಂತ ಹೇಳ್ಲಿ? ಅವರು ಸೀಟು ಉಜ್ಜೋದು ತಪ್ಪು ಅಂತಾನಾ?"

"ನಾನು ಎದ್ದ ತಕ್ಷಣ ಉಜ್ಜೋದು ತಪ್ಪು ಅಂತ."

ಅವರು ತಲೆ ಕೆರೆದುಕೊಂಡರು. "ನೋಡು, ಒಂದು ತಿಂಗಳು ರಜೆ ಹಾಕ್ಬಿಡು. ಉರಿ ಕಮ್ಮಿ ಆಗುತ್ತೆ, ಅಮ್ಮನೂ ಸುಮ್ಮನಾಗ್ತಾರೆ."

"ರಜೆ ಹಾಕಿದ್ರೆ ಕಾಯಂ ಆಗಲ್ಲ ಅಂತ ನಿಮಗೆ ಗೊತ್ತು."

"ಗೊತ್ತು. ಬೇರೆ ಕೆಲಸ ಸಿಗಲ್ವಾ?"

ಅಷ್ಟುದ್ದದ ಗಾಡಿಯನ್ನು ಕೋರ್ಟಿನ ಮುಂದಿನ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಿಸಿದಾಗ ನನ್ನ ಎದೆ ಹೇಗೆ ಉಬ್ಬುತ್ತದೆ ಎಂದು ಅವರಿಗೆ ಹೇಳಿ ತಿಳಿಸುವುದು ಹೇಗೆ? ನಾನು ಬಸ್ಸು ಬಿಡುವವಳಲ್ಲ. ಮನೆ ಬಿಡುವವಳೂ ಅಲ್ಲ. ಬೇರೊಂದು ದಾರಿ ಹುಡುಕಿದೆ, ಆ ದಾರಿ ಶುದ್ಧ ಪೆದ್ದುತನದ್ದು.

ಡಿಪೋದ ಸೀಟನ್ನು ಮುಟ್ಟುವುದೇ ಬೇಡ ಎಂದು ನಿರ್ಧರಿಸಿದೆ. ಬೆಳಿಗ್ಗೆ ಮನೆಯಲ್ಲಿ ಹೋದವಳು ಸಂಜೆ ಮನೆಗೆ ಬಂದ ಮೇಲೆಯೇ ಹೋಗುವುದು. ಅದಕ್ಕಾಗಿ ನೀರು ಕುಡಿಯುವುದನ್ನೂ ಬಿಟ್ಟೆ. ಬಾಟಲಿ ತುಂಬಿಕೊಂಡು ಹೋಗಿ ಹಾಗೆಯೇ ವಾಪಸು ತರುತ್ತಿದ್ದೆ. ತೀರಾ ತಡೆಯಲಾರದ ದಿನ ಡಿಪೋದಲ್ಲಿ ಸೀಟಿಗೆ ತಾಗದ ಹಾಗೆ ಅರ್ಧ ಬಗ್ಗಿ, ತೊಡೆ ನಡುಗಿಸುತ್ತಾ, ಅರ್ಧಂಬರ್ಧ ಮುಗಿಸಿ ಓಡಿ ಬರುತ್ತಿದ್ದೆ. ನನ್ನ ಕಂಡಕ್ಟರನನ್ನು ಎಲ್ಲರೂ ಚಿಲ್ಲರೆ ಎಂದು ಕರೆಯುತ್ತಾರೆ, ಅವನ ಹತ್ತಿರ ಯಾವತ್ತೂ ಚಿಲ್ಲರೆ ಇರುವುದಿಲ್ಲ. ಅವನು ಒಂದು ದಿನ ಕೇಳಿಯೇಬಿಟ್ಟ.

"ಏನಕ್ಕಾ, ಉಪವಾಸಾನಾ? ನೀರೂ ಕುಡಿಯಲ್ಲ."

"ನಿನ್ನ ಟಿಕೆಟ್ ನೀನು ಹರಿ."

ಹೀಗೆ ಎಷ್ಟು ದಿನ ನಡೆಯುತ್ತದೆ? ಒಂದು ಮಧ್ಯಾಹ್ನ ಮೂತ್ರಕ್ಕೆ ಹೋದರೆ ಕಾದ ಸೂಜಿ ಚುಚ್ಚಿದ ಹಾಗಾಯಿತು. ಈ ಉರಿ ಬೇರೆ, ಒಳಗಿನದು. ಹೋಗಿ ಬಂದರೂ ಮತ್ತೆ ಹೋಗಬೇಕು ಅನ್ನಿಸುತ್ತದೆ, ಹೋದರೆ ನಾಲ್ಕು ಹನಿ. ಹೊಟ್ಟೆಯ ಕೆಳಗೆ ಹಿಡಿದುಕೊಂಡಿತು. ಮರುದಿನ ಆಸ್ಪತ್ರೆಯ ಸ್ಟಾಪಿಗೆ ಬರುವಷ್ಟರಲ್ಲಿ ಜ್ವರ ಏರಿ ರಸ್ತೆ ಮಸುಕಾಗಿ ಕಾಣಲು ಶುರುವಾಯಿತು. ಜನರನ್ನು ಕೂರಿಸಿಕೊಂಡು ಇನ್ನು ಓಡಿಸಬಾರದು. ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿ ಬ್ರೇಕ್ ಎಳೆದೆ.

"ಚಿಲ್ಲರೆ, ಡಿಪೋಗೆ ಫೋನ್ ಮಾಡು, ಬೇರೆ ಡ್ರೈವರ್ ಕಳಿಸ್ಲಿ. ನಾನು ಇಳೀತೀನಿ."

"ಅಕ್ಕಾ, ಕಾಯಂ ಆಗೋ ಹೊತ್ತಲ್ಲಿ..."

"ಫೋನ್ ಮಾಡು ಅಂದ್ನಲ್ಲ."

ಹಿಂದಿನ ಸೀಟಿನಿಂದ ಯಾರೋ, ಹೆಂಗಸು ಓಡಿಸಿದರೆ ಹೀಗೇ, ಅಂದರು. ಜ್ವರ ಇಲ್ಲದಿದ್ದರೆ ಅವರಿಗೆ ತಕ್ಕ ಉತ್ತರ ಸಿಗುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ದಪ್ಪ ದನಿಯ ಹೆಂಗಸು. ಮೂತ್ರ ಪರೀಕ್ಷೆ ಮಾಡಿಸಿದರು, ಪರದೆಯ ಹಿಂದೆ ಮಲಗಿಸಿ ನೋಡಿದರು, ಆಮೇಲೆ ಕುರ್ಚಿ ಎಳೆದು ಎದುರಿಗೆ ಕೂತರು.

"ಎರಡು ತೊಂದರೆ ಇದೆ ನಿಂಗೆ, ಒಂದಲ್ಲ. ಒಳಗೆ ಮೂತ್ರದ ಸೋಂಕು. ಹೊರಗೆ ಚರ್ಮ ಸುಟ್ಟ ಹಾಗೆ ಕೆಂಪಾಗಿದೆ. ನೀರು ಎಷ್ಟು ಕುಡೀತೀಯ?"

"ಕುಡಿಯಲ್ಲ. ಕುಡಿದ್ರೆ ಡಿಪೋ ಸೀಟಲ್ಲಿ ಕೂರ್ಬೇಕಾಗುತ್ತೆ. ಅದರಿಂದ ಅಂಟುತ್ತೆ ಅಂತ..."

"ಯಾರು ಹೇಳಿದ್ದು?"

"ಮನೇಲಿ," ಅಂದೆ.

"ಸೀಟು ಯಾರನ್ನೂ ಕಚ್ಚಲ್ಲ ಕಣಮ್ಮ. ತೊಡೆಯ ಚರ್ಮ ಗಟ್ಟಿ. ಕೂತ ಮಾತ್ರಕ್ಕೆ ಮೂತ್ರದ ಸೋಂಕು ಬರಲ್ಲ. ದೊಡ್ಡ ದೊಡ್ಡ ಹೆಸರಿನ ಗುಪ್ತರೋಗಗಳೂ ಹಾಗೆ ಬರಲ್ಲ, ಆ ಕ್ರಿಮಿಗಳು ಮೈಯಿಂದ ಆಚೆ ಬಂದ್ರೆ ಹೆಚ್ಚು ಹೊತ್ತು ಬದುಕಲ್ಲ. ಸೀಟು ಒದ್ದೆ ಇದ್ರೆ ಒರೆಸಿ ಆರಾಮಾಗಿ ಕೂರು, ಪೂರ್ತಿ ಮುಗಿಸಿ ಏಳು. ಆಮೇಲೆ ಸೋಪು ಹಾಕಿ ಕೈ ತೊಳಿ. ಟಾಯ್ಲೆಟ್ಟಿಂದ ರೋಗ ಹೊತ್ತು ತರೋದು ಕೈ, ತೊಡೆ ಅಲ್ಲ. ನೀನು ನೀರು ಕುಡೀದೆ ಕಟ್ಟಿಕೊಂಡು ಕೂತಿದ್ದೀಯಲ್ಲ, ಸೋಂಕಿಗೆ ದಾರಿ ಮಾಡಿಕೊಟ್ಟಿದ್ದು ಅದು."

"ಮತ್ತೆ ಹೊರಗಿನ ಉರಿ?"

"ಯಾವುದರಲ್ಲಿ ತೊಳ್ಕೋತೀಯ?"

ಹೇಳಿದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ನೆಲ ಒರೆಸೋದರಲ್ಲಿ?"

"ಎರಡು ಮುಚ್ಚಳ ಅಷ್ಟೇ. ಬಕೆಟ್ ತುಂಬ ನೀರಿರುತ್ತೆ."

"ಬರೀ ನೀರು ಸಾಕಮ್ಮ. ಹೊರಗೆ ಮಾತ್ರ, ಮುಂದಿಂದ ಹಿಂದಕ್ಕೆ ತೊಳಿ, ಹಿಂದಿಂದ ಮುಂದಕ್ಕೆ ಬೇಡ. ಒಳಗೆ ಏನೂ ಹಾಕಬೇಡ, ಸೋಪೂ ಬೇಡ, ಸುವಾಸನೆಯದೂ ಬೇಡ. ಒಳಗನ್ನ ಮೈ ತಾನೇ ತೊಳ್ಕೊಳ್ಳುತ್ತೆ. ಒಣಗಿಸಿಕೋ, ಹತ್ತಿ ಬಟ್ಟೆ ಹಾಕು. ಮನೇಲಿ ಬೇರೆ ಯಾರಿಗೆಲ್ಲ ಹೀಗಿದೆ?"

"ನಾದಿನಿಗೆ ಇದೆ."

"ಮಿಕ್ಕವರಿಗೂ ಇರುತ್ತೆ. ಹೋಗಿ ಕೇಳು."

ಮಾತ್ರೆ ಬರೆದುಕೊಟ್ಟರು. ಮನೆಗೆ ನಡೆದು ಬರುತ್ತಾ ನನಗೆ ಜ್ವರಕ್ಕಿಂತ ಹೆಚ್ಚಾಗಿ ಸಿಟ್ಟು ಏರಿತ್ತು. ಅತ್ತೆಯ ಮೇಲೆ ಅರ್ಧ, ಅವರ ಮಾತು ಕೇಳಿ ನೀರು ಬಿಟ್ಟ ನನ್ನ ಮೇಲೆ ಅರ್ಧ.

ಐದು ಜನರೂ ಒಟ್ಟಿಗೆ ಸಿಗುವುದು ರಾತ್ರಿಯ ಊಟಕ್ಕೆ. ಅತ್ತೆ ಬಡಿಸುತ್ತಿದ್ದರು. ನನ್ನ ತಟ್ಟೆಗೆ ಗಂಜಿ ಹಾಕಿದರು, ಜ್ವರ ಎಂದು ಮೆತ್ತಗೆ ಬೇಯಿಸಿದ್ದರು. ಅವರ ಜೊತೆ ಇರುವ ದೊಡ್ಡ ಕಷ್ಟ ಅದೇ. ತಾವು ಬೈದವರಿಗೂ ಅವರು ಚೆನ್ನಾಗಿಯೇ ಬಡಿಸುತ್ತಾರೆ, ಜಗಳವಾಡಲು ಬಂದವರಿಗೆ ಮನಸ್ಸು ಗಟ್ಟಿಯಾಗಿ ನಿಲ್ಲುವುದಿಲ್ಲ. ಆದರೂ ನಾನು ಮಾತು ತೆಗೆದೆ.

"ಡಾಕ್ಟರು ಹೇಳಿದ್ರು, ಮೂತ್ರ ಮಾಡೋ ಜಾಗಕ್ಕೆ ಬರೀ ನೀರು ಸಾಕಂತೆ."

ನನ್ನ ಗಂಡನಿಗೆ ಕೆಮ್ಮು ಬಂತು. "ಊಟದ ಹೊತ್ತಲ್ಲಿ ಬೇಕಾ ಇದು?"

"ಊಟದ ಹೊತ್ತಲ್ಲಿ ಬಿಟ್ರೆ ನೀವೆಲ್ಲ ಯಾವಾಗ ಸಿಗ್ತೀರಿ? ಉರಿ ಡಿಪೋದಿಂದ ಬಂದಿಲ್ಲ. ನಮ್ಮ ಬಕೆಟ್ಟಿಂದ ಬಂದಿದೆ. ಅದಕ್ಕೆ ಹಾಕೋ ಎರಡು ಮುಚ್ಚಳದಿಂದ."

ಮಾವ ಅಲ್ಲಿಯವರೆಗೆ ತಾವಾಯಿತು ತಮ್ಮ ತಟ್ಟೆಯಾಯಿತು ಎಂದು ಕೂತಿದ್ದರು. ಈಗ ತಲೆ ಎತ್ತಿದರು.

"ಯಾವ ಬಕೆಟ್ಟು? ಯಾವ ಮುಚ್ಚಳ?"

ನಾದಿನಿ ತಟ್ಟೆ ನೋಡುತ್ತಲೇ ಹೇಳಿದಳು. "ನಮ್ಮ ಹಸಿರು ನೀರು ಅಪ್ಪಾ. ತೊಳ್ಕೊಳ್ಳೋ ಬಕೆಟ್ಟಿಗೆ ಅಮ್ಮ ದಿನಾ ಹಾಕ್ತಾರೆ."

ಮಾವ ಅತ್ತೆಯ ಕಡೆ ತಿರುಗಿದರು. ಅವರು ದನಿ ಏರಿಸುವವರಲ್ಲ, ಆಗಲೂ ಏರಿಸಲಿಲ್ಲ.

"ನಾನು ಅದನ್ನ ಕಲಸುವಾಗ ಕೈಗೆ ಏನು ಹಾಕ್ಕೋತೀನಿ?"

ಅತ್ತೆ ಸಾರಿನ ಪಾತ್ರೆಯಲ್ಲಿ ಸೌಟು ತಿರುವಿದರು.

"ನಿನ್ನನ್ನೇ ಕೇಳ್ತಿರೋದು. ಏನು ಹಾಕ್ಕೋತೀನಿ?"

"ಗ್ಲೌಸು."

"ಮೊಣಕೈವರೆಗೆ ರಬ್ಬರ್ ಗ್ಲೌಸು. ಅಂಗೈಗೇ ತಾಗಬಾರದು ಅಂತ. ನೀನು ಅದನ್ನ..." ಮಾವ ಎದ್ದು ಕೈ ತೊಳೆದು ಕುಂಟುತ್ತಾ ಟಾಯ್ಲೆಟ್ಟಿನ ಕಡೆ ಹೋದರು. ಬಕೆಟ್ಟಿನ ನೀರನ್ನು ಸುರಿದ ಸದ್ದು ಕೇಳಿಸಿತು, ಆಮೇಲೆ ಬಕೆಟ್ಟನ್ನು ಉಜ್ಜುವ ಸದ್ದು, ಮತ್ತೆ ಸುರಿದ ಸದ್ದು. ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತು, ಯಾರನ್ನೂ ನೋಡದೆ ಹೇಳಿದರು. "ನನಗೂ ಇತ್ತು. ವಯಸ್ಸಾಯ್ತು, ಸಕ್ಕರೆ ಕಾಯಿಲೆ ಏನಾದ್ರೂ ಬಂತೇನೋ ಅಂತ ಹೆದರಿದ್ದೆ."

"ನನಗೂ," ಅಂದರು ನನ್ನ ಗಂಡ. "ಲಿಫ್ಟಿನ ಗ್ರೀಸು ಅಂದ್ಕೊಂಡೆ."

ನಾದಿನಿ ನಗು ತಡೆಯಲು ನೋಡಿ ಸೋತಳು. ನನಗೂ ನಗು ಬಂತು. ಒಂದೇ ಸೂರಿನಡಿ ಎಲ್ಲರೂ ಉರಿ ನುಂಗಿಕೊಂಡು, ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಿಕೊಂಡು ತಿರುಗಾಡುತ್ತಿದ್ದೆವು. ಅತ್ತೆ ಮಾತ್ರ ನಗಲಿಲ್ಲ. ಪಾತ್ರೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತಾ ಕಡ್ಡಿ ಮುರಿದ ಹಾಗೆ ಹೇಳಿದರು.

"ನನಗೇನೂ ಆಗಿಲ್ಲ. ಬಕೆಟ್ಟಿನ ಮಾತು ಬಕೆಟ್ಟಿಗೆ, ಡಿಪೋದು ಡಿಪೋಗೆ. ಆ ಡಾಕ್ಟರು ಬಂದು ಆ ಸೀಟಲ್ಲಿ ಕೂರ್ತಾರಾ? ಬೆಳಗಿನ ಅಡುಗೆ ನಾನು ಮಾಡಲ್ಲ, ಈಗಲೇ ಹೇಳಿದೀನಿ. ಬೇಕಾದ್ರೆ ಕೆಲಸ ಬಿಡಲಿ."

ಮಾವ ಏನೋ ಹೇಳಲು ಹೋದರು. ನಾನು ಬೇಡ ಎಂದು ಕೈ ಮಾಡಿದೆ. ಗಂಡನ ಮುಂದೆ, ಮಕ್ಕಳ ಮುಂದೆ ಅತ್ತೆಗೆ ಅವತ್ತು ಆದ ಅವಮಾನ ಸಾಕಿತ್ತು.

ಬರೀ ನೀರು ಬಂದ ಮೇಲೆ ಮನೆ ತಣ್ಣಗಾಯಿತು. ನಾದಿನಿ ಕೂತು ಊಟ ಮಾಡಿದಳು. ನನ್ನ ಜ್ವರ ಇಳಿಯಿತು, ಮಾತ್ರೆ ಪೂರ್ತಿ ಮುಗಿಸಿದೆ, ಡಿಪೋದಲ್ಲಿ ಗಟಗಟ ನೀರು ಕುಡಿದು ರಾಣಿಯ ಹಾಗೆ ಸೀಟಿನಲ್ಲಿ ಕೂತೆ. ಬಸ್ಸು ನಿಲ್ಲಿಸಿದ ದಿನದ ಬಗ್ಗೆ ಡಿಪೋ ಮ್ಯಾನೇಜರು ಕೇಳಿದಾಗ ಡಾಕ್ಟರ ಚೀಟಿ ಮುಂದಿಟ್ಟು, ಜ್ವರದಲ್ಲಿ ಜನರನ್ನು ಕೂರಿಸಿಕೊಂಡು ಓಡಿಸಬೇಕಿತ್ತಾ ಸಾರ್, ಅಂದೆ. ಅವರು ಚೀಟಿ ನೋಡಿದರು, ನನ್ನ ಮುಖ ನೋಡಿದರು. ಓಡಿಸದೆ ಇದ್ದದ್ದು ಒಳ್ಳೆಯದಾಯಿತು ಎಂದರು. ಬೆಳಗಿನ ಜಾವದ ಡ್ಯೂಟಿಗೆ ಒಪ್ಪಿಗೆ ಇದೆಯೋ ಇಲ್ಲವೋ, ತಿಂಗಳ ಕೊನೆಯೊಳಗೆ ಹೇಳಿ ಅಂದರು.

ಅತ್ತೆ ಮಾತ್ರ ಸರಿಹೋಗಲಿಲ್ಲ. ಬಾಯಲ್ಲಿ ಏನೂ ಇಲ್ಲ ಅನ್ನುತ್ತಿದ್ದರು. ನಿಂತೇ ತರಕಾರಿ ಹೆಚ್ಚುತ್ತಿದ್ದರು, ನಿಂತೇ ಚಹಾ ಕುಡಿಯುತ್ತಿದ್ದರು, ಟಾಯ್ಲೆಟ್ಟಿನಿಂದ ಬರುವಾಗ ತುಟಿ ಕಚ್ಚಿಕೊಂಡು ಬರುತ್ತಿದ್ದರು. ನಾನು ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡಿ ನೋಡಿ ಅಭ್ಯಾಸವಾದವಳು, ಇದು ಕಾಣದೆ ಇರುತ್ತದೆಯೇ?

ಒಂದು ಬೆಳಿಗ್ಗೆ ಬಟಾಣಿ ಸುಲಿಯುತ್ತಾ ಕೇಳಿದೆ. "ಅತ್ತೆ, ನಿಮಗಿನ್ನೂ ಹೋಗಿಲ್ಲ ಅಲ್ವಾ?"

"ಏನು ಹೋಗಿಲ್ಲ?"

"ಉರಿ."

"ಸುಮ್ನಿರೇ."

"ಎಷ್ಟು ದಿನದಿಂದ?"

ಅವರು ಬಟಾಣಿಯ ಸಿಪ್ಪೆ ಗುಡ್ಡೆ ಹಾಕಿದರು. "ದಿನ ಅಲ್ಲ. ಮುಟ್ಟು ನಿಂತಾಗಿನಿಂದ. ಮೊದಲು ಸ್ವಲ್ಪ ಇತ್ತು. ಸೋಪು ಹಾಕಿ ತೊಳೆದೆ. ಹೆಚ್ಚಾಯ್ತು. ಇನ್ನೂ ಚೆನ್ನಾಗಿ ತೊಳೆದೆ."

"ಯಾರಿಗೂ ಹೇಳ್ಲಿಲ್ವಾ?"

"ಯಾರಿಗೆ ಹೇಳ್ಲಿ? ಕೊಳಕು ಹೆಂಗಸು ಅಂದ್ಕೊಳ್ಳಲ್ವಾ?"

ಸೀಟನ್ನು ಅವರು ಉಜ್ಜುತ್ತಿದ್ದ ಸದ್ದಿಗೆ ನಾನು ಇಷ್ಟು ದಿನ ಹಲ್ಲು ಕಡಿದಿದ್ದೆ. ಕೊಳೆ ನನ್ನಲ್ಲಿದೆ ಎಂದು ಅವರು ಉಜ್ಜುತ್ತಿರಲಿಲ್ಲ. ತಮ್ಮಲ್ಲಿದೆ ಎಂದು ಹೆದರಿದ್ದರು, ಆ ಹೆದರಿಕೆಯನ್ನು ಎಲ್ಲಾದರೂ ಇಳಿಸಬೇಕಿತ್ತು, ನನ್ನ ಡಿಪೋ ಸಿಕ್ಕಿತು.

"ಆಸ್ಪತ್ರೆ ನನ್ನ ದಾರೀಲೇ ಇದೆ," ಅಂದೆ. "ನಾಳೆ ನನ್ನ ಬಸ್ಸಲ್ಲಿ ಬನ್ನಿ."

"ನಿನ್ನ ಬಸ್ಸು ನಾನು ಹತ್ತಲ್ಲ."

"ಆಟೋದಲ್ಲಿ ಹೋದ್ರೆ ಗುಂಡಿಗೊಂದು ಸಲ ಎಗರುತ್ತೆ. ಆಮೇಲೆ ನಿಮ್ಮಿಷ್ಟ."

ಹತ್ತಿದರು. ಮುಂದಿನ ಸೀಟಿನಲ್ಲಿ ಅಂಚಿಗೆ ಕೂತು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನನ್ನ ಪ್ರತಿ ತಿರುವಿಗೂ ಹುಬ್ಬು ಗಂಟಿಕ್ಕುತ್ತಾ ಬಂದರು. ನಾನು ಅವತ್ತು ಹಳ್ಳಗಳನ್ನು ತಪ್ಪಿಸಿದ ಹಾಗೆ ಇನ್ನೊಂದು ದಿನ ತಪ್ಪಿಸಿಲ್ಲ. ನಾದಿನಿ ಆಸ್ಪತ್ರೆಯ ಬಾಗಿಲಲ್ಲೇ ಕಾಯುತ್ತಿದ್ದು ಅವರನ್ನು ಒಳಗೆ ಕರೆದುಕೊಂಡು ಹೋದಳು. ಅಮ್ಮ ಬಾಯಿ ಬಿಟ್ಟು ಎಲ್ಲ ಹೇಳಿದ್ರು ಅತ್ತಿಗೆ, ಎಂದು ಸಂಜೆ ಪಿಸುಗುಟ್ಟಿದಳು. ಮುಟ್ಟು ನಿಂತ ಮೇಲೆ ಅಲ್ಲಿನ ಚರ್ಮ ತೆಳ್ಳಗಾಗಿ ಒಣಗುತ್ತದಂತೆ. ಕೊಳಕಿನಿಂದಲ್ಲ, ವಯಸ್ಸಿನಿಂದ. ಎಷ್ಟೋ ಹೆಂಗಸರಿಗೆ ಹೀಗಾಗುತ್ತದಂತೆ. ಒಣಗಿದ ಚರ್ಮಕ್ಕೆ ಸೋಪು, ಸೋಪಿನ ಮೇಲೆ ನಮ್ಮ ಹಸಿರು ನೀರು. ಮುಲಾಮು ಕೊಟ್ಟು, ಬೇರೇನೂ ಮುಟ್ಟಿಸಬೇಡಿ, ಚೆನ್ನಾಗಿ ನೀರು ಕುಡಿಯಿರಿ, ಕೆಲವು ವಾರ ಬಿಟ್ಟು ಬಂದು ತೋರಿಸಿ ಎಂದಿದ್ದರು.

"ಮತ್ತೇನಂದ್ರು ನಿಮ್ಮಮ್ಮ?"

"ಡಿಪೋ ಸೀಟಿನ ವಿಷಯ ಮತ್ತೆ ಕೇಳಿದ್ರು. ಡಾಕ್ಟರು ನಕ್ಕುಬಿಟ್ರು. ಅಮ್ಮನಿಗೆ ಸಿಟ್ಟು ಬಂತು."

ಆ ವಾರಗಳಲ್ಲಿ ಅತ್ತೆ ನನ್ನ ಕೆಲಸದ ಮಾತನ್ನೇ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನನ್ನ ಗಂಡ ಮಾತ್ರ ನಡುವೆ ಅಡ್ಡಾಡುತ್ತಿದ್ದರು. ಬೆಳಗಿನ ಅಡುಗೆ ನಾನೇ ಕಲಿಯುತ್ತೇನೆ ಎಂದು ಒಂದು ದಿನ ಅನ್ನ ಇಟ್ಟರು, ತಳ ಹಿಡಿದ ಪಾತ್ರೆ ಎರಡು ದಿನ ನೆನೆಯಿತು. ಆದರೂ ಆ ಕರಕಲು ಅನ್ನವನ್ನು ಪೂರ್ತಿ ತಿಂದೆ. ಅವರು ಇಷ್ಟಾದರೂ ಮಾಡಿದರಲ್ಲ ಎಂದು ಖುಷಿಯಾಗಿತ್ತು.

ಮತ್ತೆ ತೋರಿಸಬೇಕಾದ ದಿನ ಬಂತು, ಅದರ ಮರುದಿನವೇ ನಾನು ಡಿಪೋಗೆ ಉತ್ತರ ಹೇಳಬೇಕಿತ್ತು. ನಾದಿನಿಗೆ ಅಂಗಡಿ ಬಿಡಲಾಗಲಿಲ್ಲ, ಅತ್ತೆ ಒಬ್ಬರೇ ನನ್ನ ಬಸ್ಸು ಹತ್ತಿದರು, ಒಬ್ಬರೇ ತೋರಿಸಿಕೊಂಡು ಬಂದು ನನ್ನ ಮುಂದಿನ ಟ್ರಿಪ್ಪಿಗೆ ಹತ್ತಿದರು. ಎಲ್ಲ ಸರಿಯಾಗಿದೆಯಂತೆ, ಎಂದಷ್ಟೇ ಹೇಳಿದರು. ನನ್ನ ಬಸ್ಸು ಡಿಪೋಗೆ ಹೋಗಿ ಆಮೇಲೆ ನಮ್ಮ ಬೀದಿಯ ಕಡೆ ಬರಬೇಕು. ಕೂತೇ ಇರುತ್ತೇನೆ ಅಂದರು.

ಕಾರ್ಖಾನೆಗಳ ಸಾಲು ದಾಟುವಾಗ ಕನ್ನಡಿಯಲ್ಲಿ ಅವರ ಮುಖ ನೋಡಿದೆ. ಕಾಲು ಒತ್ತಿ ಕೂತಿದ್ದರು. ಡಾಕ್ಟರ ಮಾತು ಕೇಳಿ ಬೆಳಗ್ಗಿನಿಂದ ನೀರು ಕುಡಿದಿದ್ದಾರೆ, ಆಸ್ಪತ್ರೆಯಲ್ಲಿ ಕ್ಯೂ ಉದ್ದವಿತ್ತೇನೋ, ಹೋಗಿಲ್ಲ. ಮನೆ ಇನ್ನೂ ದೂರ. ಡಿಪೋದಲ್ಲಿ ಜನ ಇಳಿದ ಮೇಲೆ ನಾನು ಅವರ ಹತ್ತಿರ ಹೋದೆ.

"ಬನ್ನಿ ಅತ್ತೆ."

"ಎಲ್ಲಿಗೆ?"

"ಎಲ್ಲಿಗೆ ಅಂತ ನಿಮಗೂ ಗೊತ್ತು."

"ಮನೆಗೆ ಹೋಗಿ ಹೋಗ್ತೀನಿ."

"ಹಾಗೆ ಕಟ್ಟಿಕೊಂಡು ನಾನು ಏನು ಅನುಭವಿಸ್ದೆ ಅಂತ ನೋಡಿದ್ರಲ್ಲ."

ಅವರು ನನ್ನ ಮುಖ ನೋಡಿದರು, ಬಸ್ಸಿನ ನೆಲ ನೋಡಿದರು. ಆಮೇಲೆ ಕಂಬಿ ಹಿಡಿದು ಇಳಿದರು. ಡಿಪೋದ ಹಿಂಭಾಗದಲ್ಲಿ ಟೈರುಗಳ ರಾಶಿ ದಾಟಿದರೆ ಹೆಂಗಸರ ಟಾಯ್ಲೆಟ್ಟು. ಗೋಡೆಗೆ ಸುಣ್ಣ ಇಲ್ಲ, ಬಾಗಿಲಿನ ಚಿಲಕ ಸಡಿಲ, ನಾನು ಹೊರಗಿನಿಂದ ಹಿಡಿದುಕೊಂಡೆ. ಒಳಗಿನಿಂದ ಅವರ ದನಿ ಬಂತು.

"ಒದ್ದೆ ಇದೆ."

"ಕಾಗದ ಇದೆ ನೋಡಿ, ಮೂಲೇಲಿ. ಒರೆಸಿ."

ಬಗ್ಗಿ ನಿಂತಿದ್ದಾರೋ ಕೂತಿದ್ದಾರೋ ತಿಳಿಯದೆ ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಆಮೇಲೆ ಸೀಟು ಕಿರ್ ಎಂದಿತು, ಮೈಭಾರ ಪೂರ್ತಿ ಬಿದ್ದಾಗ ಅದು ಹಾಗೆ ಸದ್ದು ಮಾಡುತ್ತದೆ. ಅತ್ತೆ ಕೂತರು. ಆ ಕಡೆ ಬಸ್ಸಿನಲ್ಲಿ ಜನ ತುಂಬುತ್ತಿದ್ದರು, ಚಿಲ್ಲರೆ ಒಂದು ಸಲ ಹಾರ್ನ್ ಒತ್ತಿದ. ನಾನು ಕದಲಲಿಲ್ಲ.

ನೀರಿನ ಸದ್ದು ಬಂತು, ನಿಂತಿತು. ಅವರು ಹೊರಗೆ ಬರಲಿಲ್ಲ.

"ಅತ್ತೆ?"

"ಇದೀನಿ."

"ಏನಾದ್ರೂ ಬೇಕಾ?"

ಒಳಗಿನಿಂದ ಬಂದ ದನಿ ಅವರದ್ದೇ ಅನ್ನಿಸಲಿಲ್ಲ, ಅಷ್ಟು ಮೆತ್ತಗಿತ್ತು.

"ಉರೀಲಿಲ್ಲ ಕಣೇ. ಒಂಚೂರೂ ಉರೀಲಿಲ್ಲ."

ನನಗೆ ಅಳು ಬಂತು. ಬಾಗಿಲ ಹಿಡಿ ಹಿಡಿದುಕೊಂಡು, ಟೈರುಗಳ ರಾಶಿಯ ಮುಂದೆ, ಯೂನಿಫಾರ್ಮಿನಲ್ಲಿ ನಿಂತು ಅತ್ತುಬಿಟ್ಟೆ. ಅವರು ಹೊರಗೆ ಬಂದರು, ನಲ್ಲಿಯ ಕೆಳಗೆ ಸೋಪು ಹಾಕಿ ಬೆರಳ ಸಂದಿಯನ್ನೂ ಬಿಡದೆ ಕೈ ತೊಳೆದರು, ನನ್ನ ಕರವಸ್ತ್ರ ಕಿತ್ತುಕೊಂಡು ಒರೆಸಿಕೊಂಡರು. ಆಮೇಲೆ ಅದೇ ಕರವಸ್ತ್ರವನ್ನು ನನ್ನ ಕೈಗೆ ತುರುಕಿದರು.

"ಕಣ್ಣೊರೆಸ್ಕೋ. ಅಳ್ತಾ ಬಸ್ಸು ಓಡಿಸೋಳನ್ನ ಯಾರು ಕಾಯಂ ಮಾಡ್ತಾರೆ? ಬೆಳಗಿನ ಡಬ್ಬಿ ನಾನು ನೋಡ್ಕೋತೀನಿ. ನಡಿ, ಜನ ಕಾಯ್ತಿದಾರೆ."